ಸಿಪ್ಪೆಯೇ ಕಂದಾಯವಾಗಿದ್ದ ಐದು ದ್ವೀಪಗಳು

ತುಮಕೂರು ಜಿಲ್ಲೆಯ ನಮ್ಮ ಹುಳಿಯಾರು ಸೀಮೆಯಲ್ಲಿ ತೆಂಗಿನ ಸಿಪ್ಪೆಯನ್ನು ಯಾರೂ ಲೆಕ್ಕಕ್ಕೆ ಹಿಡಿದವರಲ್ಲ. ಕಾಯಿ ಕೆಡವಿ, ಸಿಪ್ಪೆ ಸಮೇತ ಅಟ್ಟಕ್ಕೆ ತುಂಬಿ, ಒಂಬತ್ತು ಹತ್ತು ತಿಂಗಳು ಬಿಡುತ್ತೇವೆ. ಒಳಗಿನ ನೀರೆಲ್ಲ ಇಂಗಿ, ಕೊಬ್ಬರಿ ಚಿಪ್ಪು ಬಿಟ್ಟು ಲೊಡಲೊಡ ಸದ್ದು ಮಾಡತೊಡಗಿದ ಮೇಲೆ ಸುಲಿದು ಒಡೆದರೆ ಉಂಡೆ ಕೊಬ್ಬರಿ. ಅದು ಮೂಟೆ ಕಟ್ಟಿಕೊಂಡು ತಿಪಟೂರಿಗೆ ಹೋಗುತ್ತದೆ, ಸಿಪ್ಪೆ ಬಚ್ಚಲ ಒಲೆಗೆ ಹೋಗುತ್ತದೆ. ನಾರಿನ ಕಾರ್ಖಾನೆಗಳು ಬಂದ ಮೇಲೆ ಅದಕ್ಕೂ ಒಂದಿಷ್ಟು ಕಾಸು ಹುಟ್ಟುತ್ತಿದೆ, ಅಷ್ಟೆ. ಇದೇ ಸಿಪ್ಪೆಯನ್ನು ಸರ್ಕಾರ ಕಂದಾಯದ ಮೂಲ ಮಾಡಿಕೊಂಡಿದ್ದ, ಅದರ ನಾರು ಹೊಸೆದು ಕೊಟ್ಟರಷ್ಟೇ ಮನೆಗೆ ಅಕ್ಕಿ ಬರುತ್ತಿದ್ದ ಒಂದು ತೆಂಗಿನ ನಾಡು ಮಂಗಳೂರಿನ ನೈಋತ್ಯಕ್ಕೆ ಕಡಲಿನಲ್ಲಿದೆ. ಅಮಿನಿ, ಕದ್ಮತ್, ಕಿಲ್ತನ್, ಚೆಟ್ಲತ್, ಬಿತ್ರಾ ಎಂಬ ಐದು ದ್ವೀಪಗಳು. ಒಟ್ಟಾಗಿ ಇವನ್ನು ಅಮಿನ್‌ದಿವಿ ಎನ್ನುತ್ತಿದ್ದರು. 1799ರಿಂದ 1956ರ ಅಕ್ಟೋಬರ್ ಕೊನೆಯವರೆಗೆ, 157 ವರ್ಷ, ಇವುಗಳ ಆಡಳಿತ ನಡೆದದ್ದು ಮಂಗಳೂರಿನಿಂದ. ದಕ್ಷಿಣ ಕನ್ನಡ ಜಿಲ್ಲೆಯ ನಕ್ಷೆಯಲ್ಲಿ ಪುತ್ತೂರು, ಕಾರ್ಕಳ, ಕುಂದಾಪುರಗಳಂತೆ ಇವೂ ಇದ್ದವು.

ಕನ್ನಡದ ಇತಿಹಾಸದ ಪುಸ್ತಕಗಳಲ್ಲಿ ಇವುಗಳ ಹೆಸರು ಹುಡುಕಿದರೆ ಅಪರೂಪಕ್ಕೆ ಒಂದು ಸಾಲು ಸಿಗುತ್ತದೆ. ಇದು ನನಗೆ ಸಂಕಟದ ವಿಷಯ. ತೆಂಗನ್ನೇ ನೆಚ್ಚಿ ಬದುಕುವ ನಾವಾದರೂ ಆ ಜನರ ಕಥೆ ತಿಳಿದಿರಬೇಕು.

ಮೊದಲು ನೆಲ ಹೇಗಿದೆ ಎಂದು ನೋಡೋಣ. ಮಂಗಳೂರಿನಿಂದ ನೈಋತ್ಯಕ್ಕೆ 250ರಿಂದ 320 ಕಿಲೋಮೀಟರ್ ಕಡಲು ದಾಟಿದರೆ ಈ ದ್ವೀಪಗಳು. ಅರಬ್ಬೀ ಸಮುದ್ರದ ತಳದಲ್ಲಿ ಉತ್ತರ ದಕ್ಷಿಣವಾಗಿ ಹಬ್ಬಿರುವ ಮುಳುಗಿದ ಬೆಟ್ಟಸಾಲಿನ ಮೇಲೆ ಹವಳದ ಹುಳುಗಳು ಕಟ್ಟಿದ ದಿಬ್ಬಗಳಿವು. ಹವಳದ ದ್ವೀಪ ಉಂಗುರದಾಕಾರ ಏಕೆ ಪಡೆಯುತ್ತದೆ ಎಂದು ಚಾರ್ಲ್ಸ್ ಡಾರ್ವಿನ್ 1842ರಲ್ಲಿ ವಿವರಿಸಿದ. ಬುಡದಲ್ಲಿರುವ ಬೆಟ್ಟ ನಿಧಾನಕ್ಕೆ ಕುಸಿಯುತ್ತ ಹೋದಂತೆ ಹವಳ ಮೇಲೆ ಮೇಲೆ ಬೆಳೆಯುತ್ತದೆ, ಕೊನೆಗೆ ನಡುವೆ ತಿಳಿನೀರಿನ ಲಗೂನ್ ಉಳಿದು ಸುತ್ತ ಹವಳದ ಗೋಡೆ ನಿಲ್ಲುತ್ತದೆ ಎಂಬುದು ಅವನ ವಾದ. ಆ ಗೋಡೆಯ ಒಂದು ಬದಿಗೆ ಅಲೆ ತಂದು ಒಟ್ಟಿದ ಹವಳದ ಪುಡಿಯೇ ಇಲ್ಲಿಯ ಮಣ್ಣು. ಬೆಟ್ಟವಿಲ್ಲ, ಹೊಳೆಯಿಲ್ಲ, ಕೆರೆಯಿಲ್ಲ. ನೆಲ ಕಡಲಿನಿಂದ ಕೆಲವೇ ಮೀಟರ್ ಎತ್ತರ. ಮಳೆನೀರು ಮರಳಿನೊಳಗೆ ಇಳಿದು ಉಪ್ಪುನೀರಿನ ಮೇಲೆ ತೆಳುವಾಗಿ ತೇಲಿ ನಿಲ್ಲುತ್ತದೆ. ಬಾವಿಯನ್ನು ಹದವರಿತು ತೋಡಿದರೆ ಕುಡಿಯುವ ನೀರು, ಆಸೆಬಿದ್ದು ಆಳ ಮಾಡಿದರೆ ಉಪ್ಪು. ಸಾವಿರ ಅಡಿ ಕೊಳವೆಬಾವಿ ಕೊರೆಸಿ ನೀರು ಕಾಣದೆ ಕೈಚೆಲ್ಲಿದ ಚಿಕ್ಕನಾಯಕನಹಳ್ಳಿ ತಾಲ್ಲೂಕಿನ ರೈತನಿಗೆ ಆ ಎಚ್ಚರಿಕೆಯ ಬೆಲೆ ಬೇಗ ಅರ್ಥವಾದೀತು.

ಐದರಲ್ಲಿ ದೊಡ್ಡದು ಕದ್ಮತ್, ಅದೇ ಮೂರು ಚದರ ಕಿಲೋಮೀಟರಿಗಿಂತ ತುಸು ಹೆಚ್ಚು. ಅಮಿನಿ ಎರಡೂವರೆ. ಬಿತ್ರಾ ಒಂದು ಚದರ ಕಿಲೋಮೀಟರಿನ ಹತ್ತನೇ ಒಂದು ಪಾಲು, ಅಂದರೆ ಸುಮಾರು ಇಪ್ಪತ್ತೈದು ಎಕರೆ. ನಮ್ಮ ಕಡೆ ಒಬ್ಬ ಅನುಕೂಲಸ್ಥನ ತೋಟ ಅಷ್ಟಿರುತ್ತದೆ. ಭತ್ತ ಬೆಳೆಯಲು ಜಾಗವಿಲ್ಲ, ರಾಗಿಯ ಮಾತೇ ಇಲ್ಲ. ತೆಂಗು ಮತ್ತು ಮೀನು, ಎರಡೇ ಆಸರೆ. ಅಕ್ಕಿ ಕಡಲು ದಾಟಿ ಬರಬೇಕು. ಈ ಐದು ದ್ವೀಪಗಳ ಇತಿಹಾಸವೆಲ್ಲ ಆ ಅಕ್ಕಿಯನ್ನು ಯಾರು, ಯಾವ ದರಕ್ಕೆ ಕೊಡುತ್ತಾರೆ ಎಂಬ ಪ್ರಶ್ನೆಯ ಸುತ್ತಲೇ ನಡೆಯಿತು.

ಇಲ್ಲಿಗೆ ಜನ ಬಂದದ್ದು ಮಲಬಾರಿನ ಕರಾವಳಿಯಿಂದ. ಭಾಷೆ ಮಲಯಾಳದ ಒಂದು ಬಗೆ, ಜೆಸೆರಿ ಎನ್ನುತ್ತಾರೆ. ಮೊದಲು ಹಿಂದೂಗಳಾಗಿದ್ದ ದ್ವೀಪದವರು ಇಸ್ಲಾಂಗೆ ಬಂದದ್ದು ಹಡಗು ಒಡೆದು ಅಮಿನಿಯ ದಡ ಸೇರಿದ ಉಬೈದುಲ್ಲಾ ಎಂಬ ಸಂತನಿಂದ ಎಂಬುದು ಅಲ್ಲಿಯವರ ನಂಬಿಕೆ. ಉಬೈದುಲ್ಲಾ ಅವರ ಸಮಾಧಿ ಆಂದ್ರೋತ್ ದ್ವೀಪದಲ್ಲಿದೆ. ಧರ್ಮ ಬದಲಾದರೂ ಅಳಿಯಕಟ್ಟು ಬದಲಾಗಲಿಲ್ಲ. ಆಸ್ತಿ ತಾಯಿಯ ಕಡೆಯಿಂದಲೇ ಇಳಿಯಿತು. ಕೂಡುಕುಟುಂಬದ ಆಸ್ತಿಯನ್ನು ವೆಳ್ಳಿಯಾಳ್ಚ, ಸ್ವಂತ ಗಳಿಕೆಯನ್ನು ತಿಂಗಳಾಳ್ಚ ಎಂದು, ಅಂದರೆ ಶುಕ್ರವಾರದ ಆಸ್ತಿ, ಸೋಮವಾರದ ಆಸ್ತಿ ಎಂದು ಕರೆದರು. ಅಳಿಯಸಂತಾನದ ವ್ಯಾಜ್ಯಗಳಲ್ಲಿ ಪಳಗಿದ್ದ ಮಂಗಳೂರಿನ ಕಚೇರಿಗೆ ಇದು ತೀರ ಹೊಸದಾಗಿ ಕಂಡಿರಲಾರದು.

ಕಣ್ಣೂರಿನ ಕೋಲತ್ತಿರಿ ಅರಸರಿಂದ ದ್ವೀಪಗಳು ಹದಿನಾರನೆಯ ಶತಮಾನದಲ್ಲಿ ಅರಕ್ಕಲ್ ಮನೆತನದ ಆಲಿರಾಜರ ಕೈಗೆ ಬಂದವು. ಅದೇ ಕಾಲಕ್ಕೆ ಪೋರ್ಚುಗೀಸರೂ ಬಂದರು. ಅವರಿಗೆ ಬೇಕಾಗಿದ್ದದ್ದು ಹಗ್ಗ. ಹಾಯಿಹಡಗಿಗೆ ಕಟ್ಟುವುದಕ್ಕೂ ಎಳೆಯುವುದಕ್ಕೂ ಲಂಗರಿಗೂ ಹಗ್ಗವೇ ಗತಿ. ಉಪ್ಪುನೀರಿಗೆ ಜಗ್ಗದ ಹಗ್ಗವೆಂದರೆ ತೆಂಗಿನ ನಾರಿನದು, ಅದರಲ್ಲೂ ದ್ವೀಪದ ನಾರು ನಯವಾದದ್ದು. ದ್ವೀಪದವರ ದೋಣಿಗಳನ್ನು ಕಡಲಲ್ಲೇ ಅಡ್ಡಹಾಕಿ ನಾರು ದೋಚಿದರು, ಅಮಿನಿಗೆ ಬಲವಂತವಾಗಿ ಇಳಿದರು. ಬಂದವರನ್ನೆಲ್ಲ ಅಮಿನಿಯ ಜನ ವಿಷವಿಕ್ಕಿ ಕೊಂದರೆಂಬ ಕಥೆ ಅಲ್ಲಿ ಇಂದಿಗೂ ಉಳಿದಿದೆ. ಅಲ್ಲಿಂದಾಚೆಗೆ ಪೋರ್ಚುಗೀಸರ ಹಿಡಿತ ಸಡಿಲಿತು.

ಆದರೆ ನಾರಿನ ಮೇಲಿನ ಕಣ್ಣು ತಪ್ಪಲಿಲ್ಲ. ಹದಿನೆಂಟನೆಯ ಶತಮಾನದ ನಡುಭಾಗದ ನಂತರ ಅರಕ್ಕಲ್ ಮನೆತನ ನಾರಿನ ವ್ಯಾಪಾರವನ್ನು ಪೂರ್ತಿ ತನ್ನದೇ ಮಾಡಿಕೊಂಡಿತು. ದ್ವೀಪದವನು ನಾರನ್ನು ಬೇರೆ ಯಾರಿಗೂ ಮಾರುವಂತಿಲ್ಲ, ಅರಮನೆ ಹೇಳಿದ ದರಕ್ಕೆ ಅರಮನೆಗೇ ಕೊಡಬೇಕು. ಬದಲಿಗೆ ಅವರು ಅಳೆದುಕೊಟ್ಟಷ್ಟು ಅಕ್ಕಿ. ಅರಮನೆಯ ಕಾರಭಾರಿಗಳು ಎರಡೂ ಕಡೆ ಉಂಡರು. ತೂಗುವಾಗ ನಾರಿನಲ್ಲಿ ಕಡಿತ, ಅಳೆಯುವಾಗ ಅಕ್ಕಿಯಲ್ಲಿ ಕಡಿತ. ಅಮಿನಿಯವರು ಎಷ್ಟೆಂದು ಸಹಿಸಿಯಾರು?

1783ರಲ್ಲಿ ಟಿಪ್ಪು ಸುಲ್ತಾನ ಮಂಗಳೂರಿನಲ್ಲಿದ್ದ. ಕೋಟೆಯಲ್ಲಿದ್ದ ಇಂಗ್ಲಿಷರನ್ನು ಮುತ್ತಿಗೆ ಹಾಕಿದ್ದ ಕಾಲ ಅದು, ಮರುವರ್ಷವೇ ಮಂಗಳೂರಿನ ಒಪ್ಪಂದ ಆದದ್ದು. ಅಮಿನಿಯ ಕೆಲವರು ದೋಣಿಯೇರಿ ಬಂದು ಅವನನ್ನು ಕಂಡರು. ನಮ್ಮ ದ್ವೀಪಗಳನ್ನು ನೀವೇ ವಹಿಸಿಕೊಳ್ಳಿ ಎಂದು ಕೇಳಿಕೊಂಡರು. ಬಂದೂಕು, ಫಿರಂಗಿಗಳ ನಡುವೆ ನಾರು ಹೊಸೆಯುವ ಜನ ಬಂದು ನಿಂತು ತಮ್ಮ ದೊರೆಯನ್ನು ತಾವೇ ಆರಿಸಿಕೊಂಡದ್ದು ಸಣ್ಣ ಸಂಗತಿಯಲ್ಲ. ಅರಕ್ಕಲ್ ಮನೆತನದ ಅಂದಿನ ಒಡತಿ ಬೀಬಿಗೂ ಟಿಪ್ಪುವಿಗೂ ಸ್ನೇಹವಿತ್ತು, ಹಾಗಾಗಿ ಮಾತುಕತೆ ಹಿಡಿಯಿತು. 1787ರ ಹೊತ್ತಿಗೆ ಅಮಿನಿ ಗುಂಪಿನ ಐದೂ ದ್ವೀಪಗಳು ಮೈಸೂರಿಗೆ ಸೇರಿದವು. ಬದಲಿಗೆ ಬೀಬಿಗೆ ಚಿರಕ್ಕಲ್ ಸೀಮೆಯಲ್ಲಿ ಜಾಗೀರು ಸಿಕ್ಕಿತು. ದಕ್ಷಿಣದ ಕವರತ್ತಿ, ಅಗತ್ತಿ, ಆಂದ್ರೋತ್, ಕಲ್ಪೇನಿಗಳು ಅರಕ್ಕಲ್ ಕೈಯಲ್ಲೇ ಉಳಿದವು. ಒಂದೇ ಭಾಷೆ, ಒಂದೇ ಕಸುಬಿನ ದ್ವೀಪಗಳು ಹೀಗೆ ಎರಡಾದವು. ಶ್ರೀರಂಗಪಟ್ಟಣದ ಆಳ್ವಿಕೆಯಲ್ಲಿ ಹುಳಿಯಾರೂ ಅಮಿನಿಯೂ ಹನ್ನೆರಡು ವರ್ಷ ಒಂದೇ ದೊರೆಯ ಕೆಳಗಿದ್ದವು ಎಂಬುದು ನನಗೆ ಬಹಳ ಮುಖ್ಯವಾಗಿ ಕಾಣುತ್ತದೆ. ಕಡಲಂಚಿನ ತೆಂಗೂ ಒಳನಾಡಿನ ತೆಂಗೂ ಒಂದೇ ರಾಜ್ಯದ ಬೆಳೆಯಾಗಿದ್ದ ಕಾಲವದು.

1799ರ ಮೇ ತಿಂಗಳಲ್ಲಿ ಶ್ರೀರಂಗಪಟ್ಟಣ ಬಿತ್ತು. ಮಂಗಳೂರು ಸೇರಿದ್ದ ಕೆನರಾ ಸೀಮೆ ಈಸ್ಟ್ ಇಂಡಿಯಾ ಕಂಪನಿಗೆ ಹೋಯಿತು, ಅದರ ಜೊತೆಗೆ ಅಮಿನ್‌ದಿವಿಯೂ ಹೋಯಿತು. ಕೆನರಾದ ಮೊದಲ ಕಲೆಕ್ಟರ್ ಥಾಮಸ್ ಮನ್ರೋ. ಮರುವರ್ಷ ಕಂಪನಿಯ ಪರವಾಗಿ ಮೈಸೂರು ಸೀಮೆ ಸುತ್ತಲು ಹೊರಟ ಫ್ರಾನ್ಸಿಸ್ ಬುಕಾನನ್ ನಮ್ಮ ಚಿಕ್ಕನಾಯಕನಹಳ್ಳಿ, ಹೊನ್ನವಳ್ಳಿಗಳ ತೋಟಗಳನ್ನೂ ಕಂಡು ಬರೆದಿಟ್ಟ, ಅಲ್ಲಿಂದ ಮಲಬಾರು ಸುತ್ತಿ 1801ರಲ್ಲಿ ಮಂಗಳೂರು ಸೇರಿದ. ಹೊಸ ದೊರೆಗಳು ಏನೇನು ಬೆಳೆ, ಏನೇನು ವರಮಾನ ಎಂದು ಲೆಕ್ಕ ಹಾಕುತ್ತಿದ್ದ ಹೊತ್ತು ಅದು. ದ್ವೀಪಗಳ ವರಮಾನವೆಂದರೆ ನಾರು. ಅರಕ್ಕಲ್ ಮನೆತನ ಕಟ್ಟಿದ ಏಕಸ್ವಾಮ್ಯವನ್ನು ಕಂಪನಿ ಕಿತ್ತುಹಾಕಲಿಲ್ಲ. ಅದನ್ನೇ ಹಿಡಿದು ಮುಂದುವರಿಸಿತು. ನೆಲದ ಮೇಲೆ ಕಂದಾಯ ಹೇರುವ ಬದಲು ನಾರನ್ನೆಲ್ಲ ಸರ್ಕಾರವೇ ಗೊತ್ತಾದ ದರಕ್ಕೆ ಕೊಳ್ಳುವುದು, ಸ್ವಲ್ಪ ದುಡ್ಡು, ಸ್ವಲ್ಪ ಅಕ್ಕಿ ಕೊಡುವುದು, ಮಂಗಳೂರಿನಲ್ಲಿ ಮಾರಿ ಬಂದ ಲಾಭವನ್ನು ಬೊಕ್ಕಸಕ್ಕೆ ಸೇರಿಸುವುದು. ಆಳಿದವರು ಬದಲಾದರೂ ತಕ್ಕಡಿ ಅದೇ ಉಳಿಯಿತು. ಒಂದೇ ವ್ಯತ್ಯಾಸ, ಕಾರಭಾರಿಗಳ ಕೈಗೆ ಕಡಿವಾಣ ಬಿದ್ದು ಅನ್ಯಾಯದ ಮೇಲೆ ದೂರು ಹೇಳಲು ಕಲೆಕ್ಟರರ ಕಚೇರಿಯೊಂದಿತ್ತು. ಅಮಿನಿಯಲ್ಲಿ ಮೊನೆಗಾರ ಎಂಬ ಅಧಿಕಾರಿ ಕೂತಿರುತ್ತಿದ್ದ. ನ್ಯಾಯ, ಲೆಕ್ಕ, ನಾರಿನ ಉಸ್ತುವಾರಿ ಎಲ್ಲ ಅವನದೇ.

ನಾರು ತಯಾರಾಗುವ ಬಗೆಯನ್ನು ಹತ್ತಿರದಿಂದ ನೋಡಬೇಕು. ನಾವು ಕಾಯನ್ನು ಮರದಲ್ಲೇ ಬಲಿಸುತ್ತೇವೆ, ಆಮೇಲೆ ಅಟ್ಟದಲ್ಲೂ ಒಣಗಿಸುತ್ತೇವೆ, ಅಷ್ಟರಲ್ಲಿ ಸಿಪ್ಪೆ ಗರಗರ ಒಣಗಿ ನಾರು ಪೆಡಸಾಗಿರುತ್ತದೆ. ದ್ವೀಪದಲ್ಲಿ ಕಾಯಿ ಪೂರ್ತಿ ಬಲಿಯುವ ಮೊದಲೇ ಇಳಿಸಿ ಹಸಿ ಸಿಪ್ಪೆ ಸುಲಿಯುತ್ತಾರೆ. ಲಗೂನಿನ ದಡದಲ್ಲಿ, ಉಬ್ಬರದ ನೀರು ಬಂದು ಹೋಗುವ ಕಡೆ, ಮರಳಿನಲ್ಲಿ ಗುಂಡಿ ತೆಗೆದು ಸಿಪ್ಪೆಯನ್ನು ತುಂಬಿ, ತೇಲಿಹೋಗದಂತೆ ಮೇಲೆ ಹವಳದ ಕಲ್ಲು ಹೇರುತ್ತಾರೆ. ತಿಂಗಳುಗಟ್ಟಲೆ ಅದು ಅಲ್ಲೇ ಕೊಳೆಯಬೇಕು. ದಿನಕ್ಕೆರಡು ಸಲ ಉಪ್ಪುನೀರು ಒಳಹೊಕ್ಕು ಹೊರಬಂದು ನಾರನ್ನು ಹಿಡಿದಿಟ್ಟ ತಿರುಳು ಕರಗುತ್ತದೆ. ಆಮೇಲಿನದೆಲ್ಲ ಹೆಂಗಸರ ಕೆಲಸ. ಗುಂಡಿಯಿಂದ ತೆಗೆದ ಕಪ್ಪು ಸಿಪ್ಪೆಯನ್ನು ಕಲ್ಲಿನ ಮೇಲಿಟ್ಟು ಮರದ ಕೊಡತಿಯಿಂದ ಬಡಿದು, ಲಗೂನಿನ ನೀರಲ್ಲೇ ತೊಳೆದು, ಒಣಹಾಕಿ, ಎರಡು ಅಂಗೈ ನಡುವೆ ಹೊಸೆದು ಎಳೆ ತೆಗೆಯುವುದು. ರಾಟೆ ಇರಲಿಲ್ಲ. ಒಂದು ಮನೆಯ ಹೆಣ್ಣುಮಕ್ಕಳ ವರ್ಷದ ದುಡಿಮೆ ಹುರಿಯ ಉಂಡೆಗಳಾಗಿ ಮೂಲೆಯಲ್ಲಿ ಸೇರುತ್ತಿತ್ತು.

ಆ ಹುರಿಯಿಂದಲೇ ದೋಣಿಯೂ ಆಗುತ್ತಿತ್ತು. ಓಡಂ ಎಂಬ ಅವರ ದೊಡ್ಡ ದೋಣಿಯ ಹಲಗೆಗಳನ್ನು ಮೊಳೆ ಹೊಡೆಯದೆ ನಾರಿನ ಹುರಿಯಿಂದಲೇ ಹೊಲಿಯುತ್ತಿದ್ದರು. ಮಳೆಗಾಲ ಮುಗಿದು ಕಡಲು ಶಾಂತವಾಗುತ್ತಲೇ ಓಡಂಗಳು ನಾರು, ಕಾಯಿ, ಕೊಬ್ಬರಿ, ಒಣಮೀನು ಹೇರಿಕೊಂಡು ಮಂಗಳೂರಿಗೆ ಹೊರಡುವುವು. ಮಾಲ್ಮಿಗಳೆಂಬ ನಾವಿಕರ ಬಳಿ ರಹಮಾನಿ ಎಂಬ ಕೈಬರಹದ ಹೊತ್ತಗೆ ಇರುತ್ತಿತ್ತು, ಯಾವ ನಕ್ಷತ್ರ ಯಾವ ಊರಿನ ಮೇಲೆ ಎಷ್ಟು ಎತ್ತರ ಎಂಬ ಲೆಕ್ಕ ಅದರಲ್ಲಿ. ಗಂಟು ಹಾಕಿದ ದಾರ ಕಟ್ಟಿದ ಸಣ್ಣ ಹಲಗೆ, ಕಮಾಲ್, ಆ ಎತ್ತರ ಅಳೆಯುವ ಸಾಧನ. ದಾರವನ್ನು ಹಲ್ಲಿನಲ್ಲಿ ಕಚ್ಚಿ ಹಿಡಿದು, ಹಲಗೆಯ ಕೆಳಅಂಚು ಕಡಲಂಚಿಗೂ ಮೇಲಂಚು ನಕ್ಷತ್ರಕ್ಕೂ ತಾಗುವಂತೆ ಮಾಡಿ ಗಂಟು ಎಣಿಸುತ್ತಿದ್ದರು. ನೇತ್ರಾವತಿ, ಗುರುಪುರ ನದಿಗಳು ಕಡಲು ಸೇರುವ ಅಳಿವೆಯೊಳಗೆ ಬಂದು ಬಂದರಿನಲ್ಲಿ ನಾರಿಳಿಸಿ, ವರ್ಷಕ್ಕಾಗುವ ಅಕ್ಕಿ, ಬಟ್ಟೆ, ಉಪ್ಪು, ಮರಮುಟ್ಟು ಹೇರಿಕೊಂಡು ಹಿಂದಿರುಗುತ್ತಿದ್ದರು. ಮಳೆಗಾಲಕ್ಕೆ ಮುನ್ನ ಕೊನೆಯ ಓಡಂ ತಲುಪದಿದ್ದರೆ ನಾಲ್ಕು ತಿಂಗಳು ದ್ವೀಪಕ್ಕೆ ದಿಕ್ಕಿಲ್ಲ.

ಏಕಸ್ವಾಮ್ಯದ ಕೆಡುಕು ನಿಧಾನಕ್ಕೆ ಬಯಲಾಯಿತು. ನಾರಿಗೆ ಮಾತ್ರ ಸರ್ಕಾರದ ದರ, ಕಾಯಿ ಕೊಬ್ಬರಿಗೆ ಪೇಟೆ ದರ. ಹಾಗಿದ್ದಾಗ ಯಾರು ತಾನೇ ಕಾಯನ್ನು ಎಳತಿಗೇ ಇಳಿಸಿ ನಾರು ತೆಗೆದಾರು? ಜನ ಕೊಬ್ಬರಿಯ ಕಡೆ ತಿರುಗಿದರು. ಸಾಲದ್ದಕ್ಕೆ ಇಲಿಗಳ ಕಾಟ. ಮರದ ಸುಳಿಯಲ್ಲೇ ಬಿಡಾರ ಹೂಡಿ ಎಳೆಗಾಯಿ ಕೊರೆಯುವ ಇಲಿಗಳನ್ನು ಅಟ್ಟಲು ಊರಿಗೆ ಊರೇ ಒಟ್ಟಾಗಿ ಬೇಟೆಗೆ ಇಳಿಯಬೇಕಾಗುತ್ತಿತ್ತು. ನುಸಿಪೀಡೆಯಿಂದ ಕಾಯಿ ಕೈಬಿಟ್ಟು ಕೂತ ದಿನಗಳನ್ನು ಕಂಡ ನಮಗೆ ಇದನ್ನು ವಿವರಿಸಬೇಕಿಲ್ಲ.

ದಕ್ಷಿಣದ ದ್ವೀಪಗಳ ಗತಿ ಬೇರೆಯಾಯಿತು. 1847ರ ಚಂಡಮಾರುತ ಆಂದ್ರೋತ್ ಮತ್ತು ಕಲ್ಪೇನಿಗಳ ತೆಂಗನ್ನು ನೆಲಕ್ಕೊರಗಿಸಿತು. ಪರಿಹಾರಕ್ಕೆಂದು ಕಂಪನಿಯಿಂದ ಪಡೆದ ಸಾಲ ಬೆಳೆಯುತ್ತ ಹೋಗಿ ಅರಕ್ಕಲ್ ಮನೆತನ ದ್ವೀಪಗಳನ್ನೇ ಕಳೆದುಕೊಂಡಿತು. 1908ರಲ್ಲಿ ವರ್ಷಕ್ಕೆ 23,000 ರೂಪಾಯಿ ಮಾಲಿಖಾನೆಗೆ, ಅಂದರೆ ವರ್ಷಾಶನಕ್ಕೆ, ಎಲ್ಲ ಹಕ್ಕು ಬಿಟ್ಟುಕೊಟ್ಟಿತು. ಅವು ಮಲಬಾರ್ ಜಿಲ್ಲೆಗೆ, ಅಮಿನ್‌ದಿವಿ ದಕ್ಷಿಣ ಕನ್ನಡಕ್ಕೆ ಎಂಬ ಏರ್ಪಾಡು ಹಾಗೆಯೇ ನಿಂತಿತು.

ಕಡಲ ನಡುವಿನ ಸಣ್ಣ ದ್ವೀಪ, ದೂರದ ದೊಡ್ಡ ನಾಡಿನ ಬಾಲವಾಗಿ ಬದುಕುವುದು ಲೋಕದ ಬೇರೆ ಕಡೆಯೂ ನಡೆದಿದೆ. ಕೆರಿಬಿಯನ್ ಕಡಲಿನ ಕೇಮನ್ ದ್ವೀಪಗಳು ಮೂರು. ಕೊಲಂಬಸ್ 1503ರ ಮೇ 10ರಂದು ಅವುಗಳಲ್ಲಿ ಎರಡನ್ನು ಕಂಡ. 1670ರಲ್ಲಿ ಜಮೈಕಾದ ಜೊತೆಯಲ್ಲೇ ಇಂಗ್ಲೆಂಡಿಗೆ ಸೇರಿದವು, 1863ರಲ್ಲಿ ಕಾನೂನಿನ ಪ್ರಕಾರವೇ ಜಮೈಕಾದ ಅಧೀನಕ್ಕೆ ಬಂದವು. ಅಲ್ಲಿಯ ಹೆಂಗಸರು ತಾಳೆಯ ಜಾತಿಯ ಒಂದು ಮರದ ಎಳೆಗರಿ ಸೀಳಿ ಹಗ್ಗ ಹೊಸೆದು, ಅಂಗಡಿಗೆ ಕೊಟ್ಟು ಹಿಟ್ಟು, ಬಟ್ಟೆ ತರುತ್ತಿದ್ದರು. ಹಗ್ಗ ಜಮೈಕಾದ ಮೀನುಗಾರರಿಗೂ ಕಬ್ಬಿನ ತೋಟಗಳಿಗೂ ಹೋಗುತ್ತಿತ್ತು. 1962ರಲ್ಲಿ ಜಮೈಕಾ ಸ್ವತಂತ್ರವಾದಾಗ ಕೇಮನ್ ಅದರಿಂದ ಬೇರೆಯಾಗಿ ಬ್ರಿಟನ್ನಿನ ಕೆಳಗೇ ಉಳಿಯಿತು. ಅಮಿನಿಯ ಹೆಂಗಸು ಮತ್ತು ಕೇಮನ್ನಿನ ಹೆಂಗಸು ಒಬ್ಬರನ್ನೊಬ್ಬರು ಅರಿಯದೆ ಒಂದೇ ಕೆಲಸದಲ್ಲಿ ಅಂಗೈ ಸವೆಸಿದರು.

ಇನ್ನೂ ಒಂದು ನಂಟಿದೆ. ಕೊಲಂಬಸ್ ಹೋದಾಗ ಕೆರಿಬಿಯನ್ ದ್ವೀಪಗಳಲ್ಲಿ ತೆಂಗು ಇರಲಿಲ್ಲ. ಹಿಂದೂ ಮಹಾಸಾಗರದ ಕಾಯನ್ನು ಪೋರ್ಚುಗೀಸರು ಆಫ್ರಿಕಾದ ಪಶ್ಚಿಮಕ್ಕೆ ಒಯ್ದರು, ಅಲ್ಲಿಂದ ಅದು ಅಟ್ಲಾಂಟಿಕ್ ದಾಟಿತು. 2011ರಲ್ಲಿ ಪ್ರಕಟವಾದ ತೆಂಗಿನ ವಂಶವಾಹಿಗಳ ಅಧ್ಯಯನವೂ ಇದನ್ನೇ ತೋರಿಸಿತು. ಲೋಕದ ತೆಂಗುಗಳಲ್ಲಿ ಎರಡು ದೊಡ್ಡ ಕುಲ, ಒಂದು ಶಾಂತ ಸಾಗರದ್ದು, ಇನ್ನೊಂದು ದಕ್ಷಿಣ ಭಾರತ, ಶ್ರೀಲಂಕಾ, ಮಾಲ್ಡೀವ್ಸ್, ಲಕ್ಷದ್ವೀಪಗಳ ಸುತ್ತಿನದ್ದು. ಅಟ್ಲಾಂಟಿಕ್ ಕರಾವಳಿಯ ತೆಂಗು ಈ ಎರಡನೆಯ ಕುಲಕ್ಕೆ ಸೇರಿದ್ದು. ಕೆರಿಬಿಯನ್ ದಡದಲ್ಲಿ ತೂಗುವ ಮರಕ್ಕೂ ನಮ್ಮ ತೋಟದ ಮರಕ್ಕೂ ರಕ್ತಸಂಬಂಧವಿದೆ.

ತಳಿಯ ಮಾತು ಬಂದದ್ದರಿಂದ ಕಾಸರಗೋಡನ್ನು ನೆನೆಯಲೇಬೇಕು. 1916ರಲ್ಲಿ ಮದ್ರಾಸ್ ಸರ್ಕಾರ ಅಲ್ಲಿ ತೆಂಗಿನ ಸಂಶೋಧನಾ ಕೇಂದ್ರ ತೆರೆಯಿತು. ಆಗ ಕಾಸರಗೋಡೂ ದಕ್ಷಿಣ ಕನ್ನಡದ್ದೇ, ಅಮಿನ್‌ದಿವಿಯೂ ದಕ್ಷಿಣ ಕನ್ನಡದ್ದೇ. ಆ ಕೇಂದ್ರವೇ ಬೆಳೆದು 1970ರಲ್ಲಿ ಕೇಂದ್ರೀಯ ತೋಟದ ಬೆಳೆಗಳ ಸಂಶೋಧನಾ ಸಂಸ್ಥೆಯಾಯಿತು. ದ್ವೀಪದ ತೆಂಗಿನಿಂದ ಆಯ್ದ ಚಂದ್ರಕಲ್ಪ 1985ರಲ್ಲಿ ಹೊರಬಂದದ್ದು ಅಲ್ಲಿಂದ. ಎಣ್ಣೆ ಹೆಚ್ಚು, ಬರ ತಡೆಯುವ ತಳಿ. ನಮ್ಮ ತಿಪಟೂರು ಎತ್ತರದ ತಳಿಯಿಂದ ಉಂಡೆ ಕೊಬ್ಬರಿಗೆಂದೇ ಆಯ್ದ ಕಲ್ಪತರುವೂ ಅದೇ ಸಂಸ್ಥೆಯದು.

1956ರ ರಾಜ್ಯ ಪುನರ್ವಿಂಗಡಣೆ ಕಾಯ್ದೆ ಹೊಸ ಮೈಸೂರು ರಾಜ್ಯಕ್ಕೆ ಯಾವ ಯಾವ ಪ್ರದೇಶ ಎಂದು ಪಟ್ಟಿ ಮಾಡುವಾಗ ದಕ್ಷಿಣ ಕನ್ನಡ ಜಿಲ್ಲೆಯಿಂದ ಎರಡನ್ನು ಹೊರಗಿಟ್ಟಿತು. ಒಂದು ಕಾಸರಗೋಡು ತಾಲ್ಲೂಕು, ಇನ್ನೊಂದು ಅಮಿನ್‌ದಿವಿ ದ್ವೀಪಗಳು. ನವೆಂಬರ್ 1ರಂದು ಕಾಸರಗೋಡು ಕೇರಳಕ್ಕೆ ಹೋಯಿತು. ದ್ವೀಪಗಳು ಮಲಬಾರಿನ ದ್ವೀಪಗಳೊಡನೆ ಕೂಡಿ ಕೇಂದ್ರಾಡಳಿತ ಪ್ರದೇಶವಾದವು. ಕಾಸರಗೋಡಿಗಾಗಿ ಕವಿ ಕಯ್ಯಾರ ಕಿಞ್ಞಣ್ಣ ರೈ ಅವರಂಥವರು ಬದುಕಿಡೀ ದನಿಯೆತ್ತಿದರು, ಅದು ನ್ಯಾಯವೇ, ಅಲ್ಲಿ ಕನ್ನಡವಿತ್ತು, ಇಂದಿಗೂ ಇದೆ. ಅಮಿನಿಯ ಜನ ಕನ್ನಡದವರಲ್ಲ. ಅವರು ಮಲಬಾರಿನ ತಮ್ಮ ಬಂಧುಗಳೊಡನೆ ಸೇರಿದ್ದು ಸರಿಯಾದ ತೀರ್ಮಾನ, ಅದರ ಬಗ್ಗೆ ನನಗೆ ಎರಡು ಮಾತಿಲ್ಲ. ಆದರೆ ಒಂದೂವರೆ ಶತಮಾನ ನಮ್ಮ ಬಂದರಿಗೆ ನಾರು ತಂದು, ನಮ್ಮ ಗದ್ದೆಯ ಅಕ್ಕಿ ಉಂಡು, ನಮ್ಮ ಕಚೇರಿಯ ಮೆಟ್ಟಿಲು ಹತ್ತಿದ ಜನರನ್ನು ಬಿಟ್ಟು ಬರೆದ ಕರಾವಳಿಯ ಇತಿಹಾಸ ಅರ್ಧ ಇತಿಹಾಸವೇ.

ಹೊಸ ಪ್ರದೇಶದ ಆಡಳಿತ ಮೊದಲು ಕೋಳಿಕ್ಕೋಡಿನಲ್ಲಿತ್ತು, 1964ರಲ್ಲಿ ಕವರತ್ತಿಗೆ ಹೋಯಿತು. 1973ರ ನವೆಂಬರ್ 1ರಂದು ಮೈಸೂರು ರಾಜ್ಯ ಕರ್ನಾಟಕವಾಯಿತು, ಅದೇ ದಿನ ಆ ಪ್ರದೇಶ ಲಕ್ಷದ್ವೀಪವಾಯಿತು. ಅಮಿನ್‌ದಿವಿ ಎಂಬುದು ಆ ಪ್ರದೇಶದ ಹೆಸರಿನಿಂದ ಅಳಿಸಿಹೋಯಿತು.

ಆದರೆ ವ್ಯಾಪಾರ ಅಳಿಯಲಿಲ್ಲ. ಮಂಗಳೂರಿನ ಹಳೆ ಬಂದರಿನ ಧಕ್ಕೆಗೆ ಹೋದರೆ ದ್ವೀಪಗಳಿಗೆ ಹೊರಡುವ ಮಂಜಿಗಳನ್ನು ಕಾಣಬಹುದು. ಮರದ ಒಡಲಿನ ಈ ಹಡಗುಗಳಿಗೆ ಅಕ್ಕಿ, ತರಕಾರಿ, ಸಿಮೆಂಟು, ಜಲ್ಲಿ, ಮರಳು ಹೇರುತ್ತಾರೆ. ಹವಳದ ನೆಲದಲ್ಲಿ ಮನೆ ಕಟ್ಟಲು ಕಲ್ಲು ಮರಳೂ ದಡದಿಂದಲೇ ಹೋಗಬೇಕು. ಮಳೆಗಾಲದಲ್ಲಿ ಮಂಜಿಗಳು ಇಂದಿಗೂ ಕಡಲಿಗಿಳಿಯುವುದಿಲ್ಲ.

ಐದರಲ್ಲಿ ಅತಿ ಚಿಕ್ಕದಾದ ಬಿತ್ರಾದಲ್ಲಿ ಮೊದಲು ಜನವಸತಿಯೇ ಇರಲಿಲ್ಲ. ಕಡಲಹಕ್ಕಿಗಳು ಮೊಟ್ಟೆಯಿಡುವ ಜಾಗ ಅದು, ಚೆಟ್ಲತ್‌ನವರು ಋತುವಿಗೊಮ್ಮೆ ಬಂದು ಹೋಗುತ್ತಿದ್ದರು. 1945ರ ಸುಮಾರಿಗೆ ಅಲ್ಲಿಂದ ಬಂದವರೇ ನೆಲೆನಿಂತು ತೆಂಗು ಬೆಳೆಸಿ ಊರು ಮಾಡಿದರು. 2011ರ ಜನಗಣತಿಯಲ್ಲಿ ಅಲ್ಲಿದ್ದವರು 271 ಮಂದಿ. 2025ರ ಜುಲೈನಲ್ಲಿ ಲಕ್ಷದ್ವೀಪ ಆಡಳಿತ ಇಡೀ ಬಿತ್ರಾವನ್ನು ರಕ್ಷಣಾ ಉದ್ದೇಶಕ್ಕೆ ಸ್ವಾಧೀನ ಮಾಡಿಕೊಳ್ಳುವ ಪ್ರಸ್ತಾವದ ಬಗ್ಗೆ ಸಾಮಾಜಿಕ ಪರಿಣಾಮದ ಅಧ್ಯಯನಕ್ಕೆ ಅಧಿಸೂಚನೆ ಹೊರಡಿಸಿತು. ದ್ವೀಪದವರು ವಿರೋಧಿಸಿದರು. 1783ರಲ್ಲಿ ಅಮಿನಿಯವರು ಅಹವಾಲು ಹೊತ್ತು ಮಂಗಳೂರಿಗೆ ಬಂದಿದ್ದರು, ಈ ಬಾರಿ ಬಿತ್ರಾದವರ ಅಹವಾಲು ಹೋಗಬೇಕಾದದ್ದು ಕವರತ್ತಿಗೆ ಮತ್ತು ದೆಹಲಿಗೆ.